ಒಳ್ಳೆ ಮಾರ್ಕ್ಸ್ ಬಂದಾಯ್ತು, ಕಾಲೇಜುಗಳ ಪಟ್ಟಿ ಮಾಡುವುದು ಹೇಗೆ?

ಪಿಯುಸಿ ಫಲಿತಾಂಶ ಬಂದ ವಾರ ಮಡಿಕೇರಿಯಿಂದ ಕುಟ್ಟದವರೆಗೆ ಫೋನುಗಳಲ್ಲಿ ಒಂದೇ ಮಾತು. ಯಾರ ಮಗಳಿಗೆ ಎಷ್ಟು ಬಂತು, ಯಾರ ಮಗ ಕಾಲೇಜಿಗೆ ಮೊದಲಿಗ. 97 ಪರ್ಸೆಂಟ್ ತೆಗೆದ ಮಗುವಿನ ಮನೆಯಲ್ಲಿ ನೆಂಟರೆಲ್ಲ ಹೇಳುವುದು ಇಷ್ಟೇ: ಇನ್ನೇನು ಯೋಚನೆ, ಎಲ್ಲಿ ಬೇಕಾದರೂ ಸೀಟ್ ಸಿಗುತ್ತದೆ ಬಿಡಿ.

ಅಷ್ಟು ಸುಲಭ ಅಲ್ಲ. ತುಂಬ ಚೆನ್ನಾಗಿ ಓದಿದ ಮಕ್ಕಳೂ ಮೊದಲ ಸುತ್ತಿನ ಹಂಚಿಕೆಯಲ್ಲಿ ಸೀಟಿಲ್ಲದೆ ಕೂರುವುದುಂಟು. ಬುದ್ಧಿ ಕಡಿಮೆಯಾಗಿ ಅಲ್ಲ, ಪಟ್ಟಿ ಕಡಿಮೆಯಾಗಿ. ಬರೆದದ್ದು ಐದೋ ಆರೋ ಕಾಲೇಜು, ಎಲ್ಲವೂ ಬೆಂಗಳೂರಿನ ದೊಡ್ಡ ಹೆಸರು. ಇನ್ನು ಕೆಲವರು ಇದಕ್ಕೆ ಉಲ್ಟಾ. ಸಿಗಲಿಕ್ಕಿಲ್ಲ ಎಂದು ಹೆದರಿ ಒಳ್ಳೆಯ ಕಾಲೇಜನ್ನು ಬರೆಯುವುದೇ ಇಲ್ಲ. ಆಮೇಲೆ ತಮಗಿಂತ ಹಿಂದಿನ ರ‍್ಯಾಂಕಿನವರಿಗೆ ಅಲ್ಲಿ ಸೀಟಾದದ್ದು ನೋಡಿ ಕೈಕೈ ಹಿಸುಕಿಕೊಳ್ಳುತ್ತಾರೆ.

ಈ ಎರಡೂ ಆಗದ ಹಾಗೆ ಪಟ್ಟಿ ಮಾಡಬಹುದು. ಅದಕ್ಕೆ ಮೊದಲು ಸೀಟು ಹಂಚಿಕೆ ಹೇಗೆ ನಡೆಯುತ್ತದೆ ಎಂದು ಗೊತ್ತಿರಬೇಕು. ಮನೆಯಲ್ಲಿ ಮೊದಲ ಬಾರಿಗೆ ಮಗುವೊಂದು ವೃತ್ತಿಪರ ಕೋರ್ಸಿಗೆ ಹೊರಟಿದ್ದರೆ ಕೇಳಲು ಹತ್ತಿರದಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ಬುಡದಿಂದಲೇ ಶುರು ಮಾಡೋಣ.

ಮೊದಲು ನಾಲ್ಕು ಪದ

ಕೆಇಎ ಎಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಎಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ, ಫಾರ್ಮಸಿ ಮುಂತಾದ ಕೋರ್ಸುಗಳಿಗೆ ಸಿಇಟಿ ನಡೆಸುವುದು, ಸೀಟು ಹಂಚುವುದು ಇದರ ಕೆಲಸ. ವೈದ್ಯಕೀಯಕ್ಕೆ ಪರೀಕ್ಷೆ ನೀಟ್, ಆದರೆ ರಾಜ್ಯದ ಪಾಲಿನ ಸೀಟುಗಳನ್ನು ಹಂಚುವುದು ಮತ್ತೆ ಕೆಇಎಯೇ.

ಆಪ್ಷನ್ ಎಂದರೆ ಒಂದು ಕಾಲೇಜು ಮತ್ತು ಅಲ್ಲಿನ ಒಂದು ಕೋರ್ಸು ಸೇರಿದ ಜೋಡಿ. ಒಂದೇ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಒಂದು ಆಪ್ಷನ್, ಎಲೆಕ್ಟ್ರಾನಿಕ್ಸ್ ಇನ್ನೊಂದು ಆಪ್ಷನ್. ಇವನ್ನು ನಮ್ಮ ಇಷ್ಟದ ಕ್ರಮದಲ್ಲಿ ಕೆಇಎ ಜಾಲತಾಣದಲ್ಲಿ ಸೇರಿಸುವುದೇ ಆಪ್ಷನ್ ಎಂಟ್ರಿ.

ಸೀಟ್ ಮ್ಯಾಟ್ರಿಕ್ಸ್ ಎಂದರೆ ಯಾವ ಕಾಲೇಜಿನ ಯಾವ ಕೋರ್ಸಿನಲ್ಲಿ, ಯಾವ ವರ್ಗಕ್ಕೆ ಎಷ್ಟು ಸೀಟಿದೆ ಎಂಬ ಪಟ್ಟಿ.

ಕಟ್‌ಆಫ್ ಎಂದರೆ ಒಂದು ಸೀಟು ಕೊನೆಗೆ ಯಾವ ರ‍್ಯಾಂಕಿನವರಿಗೆ ಸಿಕ್ಕಿತು ಎಂಬ ಲೆಕ್ಕ. ಇದನ್ನು ಯಾರೂ ಮೊದಲೇ ನಿಗದಿ ಮಾಡುವುದಿಲ್ಲ. ಹಂಚಿಕೆ ಮುಗಿದ ಮೇಲೆ ತಾನಾಗಿ ಹೊರಬರುವ ಸಂಖ್ಯೆ ಅದು. ಆದ್ದರಿಂದ ಹೋದ ವರ್ಷದ ಕಟ್‌ಆಫ್ ನಮಗೆ ಅಂದಾಜು ಕೊಡುತ್ತದೆ, ಭರವಸೆ ಕೊಡುವುದಿಲ್ಲ.

ಮಾರ್ಕ್ಸ್ ಬೇರೆ, ರ‍್ಯಾಂಕ್ ಬೇರೆ

ಎಂಜಿನಿಯರಿಂಗ್ ರ‍್ಯಾಂಕ್ ಲೆಕ್ಕ ಹಾಕುವಾಗ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ ತೂಕ. ಅದೇ ಮೂರು ವಿಷಯಗಳ ಸಿಇಟಿ ಅಂಕಗಳಿಗೆ ಇನ್ನರ್ಧ. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಅಂಕ, ಮೂರೂ ಸೇರಿ 180. ಕನ್ನಡ, ಇಂಗ್ಲಿಷ್‌ನಲ್ಲಿ ಎಷ್ಟೇ ಬಂದಿದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ.

ಇಬ್ಬರು ಮಕ್ಕಳನ್ನು ಕಲ್ಪಿಸಿಕೊಳ್ಳಿ. ಮೊದಲನೆಯವಳಿಗೆ ಪಿಯುಸಿಯ ಆ ಮೂರು ವಿಷಯಗಳಲ್ಲಿ 300ಕ್ಕೆ 291, ಅಂದರೆ 97 ಪರ್ಸೆಂಟ್. ಅದರ ಅರ್ಧ 48.5. ಸಿಇಟಿಯಲ್ಲಿ 180ಕ್ಕೆ 108, ಅಂದರೆ 60 ಪರ್ಸೆಂಟ್. ಅದರ ಅರ್ಧ 30. ಒಟ್ಟು 78.5. ಎರಡನೆಯವನಿಗೆ ಪಿಯುಸಿಯಲ್ಲಿ 270, ಅಂದರೆ 90 ಪರ್ಸೆಂಟ್, ಅರ್ಧಕ್ಕೆ 45. ಸಿಇಟಿಯಲ್ಲಿ 135, ಅಂದರೆ 75 ಪರ್ಸೆಂಟ್, ಅರ್ಧಕ್ಕೆ 37.5. ಒಟ್ಟು 82.5. ಊರಿನವರ ಕಣ್ಣಿಗೆ ಮೊದಲನೆಯವಳೇ ಟಾಪರ್. ರ‍್ಯಾಂಕ್ ಪಟ್ಟಿಯಲ್ಲಿ ಎರಡನೆಯವನು ಮುಂದೆ.

ಇನ್ನೊಂದು ವಿಷಯ. ನಮ್ಮ ಕಾಲೇಜಿನಲ್ಲಿ, ನಮ್ಮ ತಾಲೂಕಿನಲ್ಲಿ ಮೊದಲಿಗರಾಗುವುದು ದೊಡ್ಡ ಸಾಧನೆಯೇ. ಆದರೆ ಸೀಟಿನ ಸಾಲು ಇಡೀ ರಾಜ್ಯದ್ದು. ದಕ್ಷಿಣ ಕನ್ನಡದ, ಬೆಂಗಳೂರಿನ ದೊಡ್ಡ ಪಿಯು ಕಾಲೇಜುಗಳಲ್ಲಿ ಎರಡು ವರ್ಷ ಸಿಇಟಿ, ನೀಟ್, ಜೆಇಇಗೆಂದೇ ತಯಾರಾದ ಸಾವಿರಾರು ಮಕ್ಕಳು ಅದೇ ಸಾಲಿನಲ್ಲಿದ್ದಾರೆ. ಹಾಗಾಗಿ ಪಟ್ಟಿ ಮಾಡಲು ಕೂರುವಾಗ ಪರ್ಸೆಂಟೇಜನ್ನು ಪಕ್ಕಕ್ಕಿಟ್ಟು ರ‍್ಯಾಂಕ್ ಒಂದನ್ನೇ ನೋಡಿ. ಹೆಮ್ಮೆಪಡಲು ಪರ್ಸೆಂಟೇಜ್ ಇದ್ದೇ ಇದೆ, ಅಲ್ವಾ?

ಸಿಬಿಎಸ್‌ಇ ಅಥವಾ ಐಎಸ್‌ಸಿ ಓದಿದ ಮಕ್ಕಳು ಕೊಡಗಿನಲ್ಲಿ ಬಹಳ ಇದ್ದಾರೆ. ಅವರು ತಮ್ಮ 12ನೇ ತರಗತಿಯ ಅಂಕಗಳನ್ನು ಕೆಇಎ ಜಾಲತಾಣದಲ್ಲಿ ತಾವೇ ತುಂಬಬೇಕಾಗುತ್ತದೆ. ತುಂಬದಿದ್ದರೆ ರ‍್ಯಾಂಕೇ ಬರುವುದಿಲ್ಲ. ಗಾಬರಿಯಾಗಬೇಡಿ, ಆದರೆ ಆ ಸೂಚನೆ ಬಂದ ದಿನವೇ ಕೆಲಸ ಮುಗಿಸಿಬಿಡಿ.

ಸೀಟು ಹಂಚಿಕೆ ನಡೆಯುವುದು ಹೀಗೆ

ಇಡೀ ವಿಷಯದ ತಿರುಳು ಇಲ್ಲಿದೆ. ನಿಧಾನವಾಗಿ ಓದಿ.

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಒಂದೇ ಅಂಗಡಿ ಇದೆ ಎಂದುಕೊಳ್ಳಿ. ಅದರ ಮುಂದೆ ಉದ್ದ ಸಾಲು. ಪ್ರತಿಯೊಬ್ಬರ ಕೈಯಲ್ಲೂ ಅಮ್ಮ ಬರೆದುಕೊಟ್ಟ ಚೀಟಿ: ಮೊದಲು ಇದು ಕೇಳು, ಇಲ್ಲದಿದ್ದರೆ ಅದು, ಅದೂ ಇಲ್ಲದಿದ್ದರೆ ಮತ್ತೊಂದು. ಒಬ್ಬರಿಗೆ ಒಂದೇ ಸಾಮಾನು. ಸಾಲಿನಲ್ಲಿ ಮುಂದಿದ್ದವರ ಚೀಟಿಯನ್ನು ಅಂಗಡಿಯವನು ಮೇಲಿನಿಂದ ಓದುತ್ತಾ ಹೋಗುತ್ತಾನೆ. ಮೊದಲು ಯಾವುದು ಉಳಿದಿದೆಯೋ ಅದನ್ನು ಕೊಟ್ಟು ಮುಂದಿನವರನ್ನು ಕರೆಯುತ್ತಾನೆ.

ಕೆಇಎ ಕಂಪ್ಯೂಟರ್ ಮಾಡುವುದೂ ಇದನ್ನೇ. ಸಾಲು ಅಂದರೆ ರ‍್ಯಾಂಕ್, ಚೀಟಿ ಅಂದರೆ ಆಪ್ಷನ್ ಪಟ್ಟಿ. ನಿಮ್ಮ ಸರದಿ ಬಂದಾಗ ನಿಮ್ಮ ಮೊದಲ ಆಪ್ಷನ್ ಖಾಲಿ ಇದೆಯಾ ಎಂದು ನೋಡುತ್ತದೆ. ಇಲ್ಲವಾದರೆ ಎರಡನೆಯದು, ಆಮೇಲೆ ಮೂರನೆಯದು. ಮೇಲಿನದು ಸಿಗಲಿಲ್ಲ ಎಂದು ಕೆಳಗಿನ ಆಪ್ಷನ್‌ಗೆ ನಿಮ್ಮ ಸರದಿ ಹಿಂದೆ ಹೋಗುವುದಿಲ್ಲ. 40ನೇ ಆಪ್ಷನ್ ನೋಡುವಾಗಲೂ ನಿಮ್ಮ ರ‍್ಯಾಂಕ್ ಅದೇ, ಜಾಗ ಅದೇ.

ಇದರಿಂದ ಎರಡು ಮಾತು ಹೊರಡುತ್ತವೆ. ಒಂದು, ಸಿಗುವುದು ಕಷ್ಟ ಎನಿಸುವ ಕಾಲೇಜನ್ನು ಮೇಲೆ ಬರೆದರೆ ಏನೂ ನಷ್ಟವಿಲ್ಲ. ಸುಮ್ನೆ ಹೆದರಿ ಬಿಡಬೇಡಿ. ಇನ್ನೊಂದು, ಬರೆಯದ ಕಾಲೇಜು ಯಾವತ್ತೂ ಸಿಗುವುದಿಲ್ಲ. ಚೀಟಿ ಖಾಲಿಯಾದ ಕೂಡಲೇ ಕಂಪ್ಯೂಟರ್ ನಿಮ್ಮನ್ನು ಬಿಟ್ಟು ಮುಂದೆ ಹೋಗುತ್ತದೆ.

ಕ್ರಮ ಮಾತ್ರ ನಿಮ್ಮ ನಿಜವಾದ ಇಷ್ಟದ್ದಾಗಿರಬೇಕು. ಸಿಗುವ ಸಾಧ್ಯತೆ ಜಾಸ್ತಿ ಎಂದು ಕಡಿಮೆ ಇಷ್ಟದ ಕಾಲೇಜನ್ನು ಮೇಲೆ ಹಾಕಿದರೆ ಅದೇ ಸಿಕ್ಕಿಬಿಡುತ್ತದೆ. ಅದರ ಕೆಳಗಿರುವ ನಿಮಗೆ ಹೆಚ್ಚು ಇಷ್ಟವಾದ ಕಾಲೇಜನ್ನು ಕಂಪ್ಯೂಟರ್ ನೋಡುವುದೇ ಇಲ್ಲ.

ಪಟ್ಟಿಯ ಮೂರು ಪಾಲು

ಸಮತೋಲನದ ಪಟ್ಟಿಯಲ್ಲಿ ಮೂರು ಬಗೆಯ ಕಾಲೇಜುಗಳಿರುತ್ತವೆ. ಮೇಲೆ ಆಸೆಯವು: ನಮ್ಮ ರ‍್ಯಾಂಕಿಗೆ ಸ್ವಲ್ಪ ಎಟುಕದವು. ನಡುವೆ ಸಿಗಬಹುದಾದವು. ಕೆಳಗೆ ಖಚಿತವಾದವು: ನಮ್ಮ ರ‍್ಯಾಂಕಿಗೆ ಹೆಚ್ಚುಕಡಿಮೆ ಸಿಕ್ಕೇ ಸಿಗುವವು.

ಯಾವುದು ಯಾವ ಪಾಲಿಗೆ ಸೇರುತ್ತದೆ ಎಂದು ತಿಳಿಯುವುದು ಕಟ್‌ಆಫ್ ನೋಡಿ. ಒಂದು ಕಲ್ಪಿತ ಲೆಕ್ಕ ನೋಡೋಣ. ಸೋಮವಾರಪೇಟೆಯ ಒಬ್ಬ ಹುಡುಗಿಗೆ 9,000 ರ‍್ಯಾಂಕ್ ಬಂದಿದೆ ಎಂದಿಟ್ಟುಕೊಳ್ಳಿ. ಅವಳಿಗೆ ಬೇಕಾದ ಕೋರ್ಸಿಗೆ ಹೋದ ವರ್ಷ ಕ ಎಂಬ ಕಾಲೇಜಿನಲ್ಲಿ ಮೊದಲ ಸುತ್ತು 3,500ಕ್ಕೆ, ಕೊನೆಯ ಸುತ್ತು 5,000ಕ್ಕೆ ನಿಂತಿತ್ತು. ಖ ಕಾಲೇಜಿನಲ್ಲಿ 7,000 ಮತ್ತು 10,000. ಗ ಕಾಲೇಜಿನಲ್ಲಿ 11,000 ಮತ್ತು 14,000. ಘ ಕಾಲೇಜಿನಲ್ಲಿ 22,000 ಮತ್ತು 30,000.

ಕ ಅವಳಿಗೆ ಆಸೆಯ ಕಾಲೇಜು. ಬರೆಯಲಿ, ಆದರೆ ಅದನ್ನೇ ನೆಚ್ಚಿಕೊಳ್ಳುವುದು ಬೇಡ. ಘ ಖಚಿತ. ಗ ಬಹುತೇಕ ಸಿಗುತ್ತದೆ, ಆದರೆ ಒಂದು ವರ್ಷ ಪೈಪೋಟಿ ಜಾಸ್ತಿಯಾಗಿ ಕಟ್‌ಆಫ್ ಎರಡು ಸಾವಿರಕ್ಕಿಂತ ಹೆಚ್ಚು ಮುಂದೆ ಬಂದರೆ ಮೊದಲ ಸುತ್ತಿನಲ್ಲಿ ತಪ್ಪಬಹುದು. ಖ ಬಗ್ಗೆ ಮಾತ್ರ ಸ್ವಲ್ಪ ಯೋಚಿಸಬೇಕು. ಮೊದಲ ಸುತ್ತಿನಲ್ಲಿ ಸಿಗುವುದಿಲ್ಲ, ಕೊನೆಯ ಸುತ್ತಿನವರೆಗೆ ಕಾದರೆ ಸಿಗಬಹುದು. ಮೇಲಿನ ರ‍್ಯಾಂಕಿನವರಲ್ಲಿ ಎಷ್ಟೋ ಜನ ಐಐಟಿ, ಎನ್‌ಐಟಿ, ವೈದ್ಯಕೀಯ ಎಂದು ಸೀಟು ಬಿಟ್ಟು ಹೋಗುತ್ತಾರೆ. ಆ ಸೀಟುಗಳು ಮುಂದಿನ ಸುತ್ತಿಗೆ ಬರುತ್ತವೆ. ಕಟ್‌ಆಫ್ ಕೆಳಗಿಳಿಯುವುದು ಅದರಿಂದಲೇ.

ಇದನ್ನು ನಿಯಮದ ಹಾಗೆ ಇಟ್ಟುಕೊಳ್ಳಬಹುದು. ಯಾವುದಾದರೂ ಕಾಲೇಜನ್ನು ಖಚಿತ ಎನ್ನುವ ಮೊದಲು ಮೊದಲ ಸುತ್ತಿನ ಕಟ್‌ಆಫ್ ನೋಡಿ. ಆಸೆಯ ಕಾಲೇಜನ್ನು ಬರೆಯಬಹುದಾ ಎನ್ನುವಾಗ ಕೊನೆಯ ಸುತ್ತಿನದು ನೋಡಿ. ಒಂದೇ ವರ್ಷದ್ದು ಸಾಲದು, ಮೂರು ವರ್ಷದ್ದು ಅಕ್ಕಪಕ್ಕ ಇಟ್ಟು ನೋಡಿದರೆ ಏರಿಳಿತ ಗೊತ್ತಾಗುತ್ತದೆ. ಕಂಪ್ಯೂಟರ್ ಸೈನ್ಸ್ ಸೀಟುಗಳು ಹೆಚ್ಚಾದ ವರ್ಷ ಒಂದು ರೀತಿ, ಪರೀಕ್ಷೆ ಸುಲಭವಾಗಿದ್ದ ವರ್ಷ ಇನ್ನೊಂದು ರೀತಿ.

ಎಷ್ಟು ಆಪ್ಷನ್ ಬರೆಯಬೇಕು ಎಂದು ಎಲ್ಲರೂ ಕೇಳುತ್ತಾರೆ. ಖಚಿತ ಎನಿಸುವವು ನಾಲ್ಕೈದಾದರೂ ಕೆಳಗೆ ಬರುವವರೆಗೆ ಬರೆಯಿರಿ ಎನ್ನುವುದೇ ಸರಿಯಾದ ಉತ್ತರ. ಅದು 30 ಆಗಬಹುದು, 80 ಆಗಬಹುದು. ಹೆಚ್ಚು ಬರೆದರೆ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಕಟ್‌ಆಫ್ ಪಟ್ಟಿಯ ಆ ಅಕ್ಷರಗಳು

ಕೆಇಎ ಕಟ್‌ಆಫ್ ಪಟ್ಟಿ ತೆರೆದರೆ ಮೊದಲು ಕಾಣುವುದು ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 3ಎಆರ್ ಎಂಬ ಕಾಲಂಗಳು. ಬಹಳ ಜನ ಇಲ್ಲೇ ಸುಸ್ತಾಗಿ ಜಿಎಂ ಕಾಲಂ ಒಂದನ್ನೇ ನೋಡಿ ಪಟ್ಟಿ ಮಾಡಿಬಿಡುತ್ತಾರೆ.

ಓದುವ ಕ್ರಮ ಸರಳ. ಮೊದಲ ಭಾಗ ವರ್ಗ: ಜಿಎಂ ಸಾಮಾನ್ಯ, ಉಳಿದವು ಪ್ರವರ್ಗ 1, 2ಎ, 2ಬಿ, 3ಎ, 3ಬಿ, ಎಸ್‌ಸಿ, ಎಸ್‌ಟಿ. ಕೊನೆಯ ಅಕ್ಷರ ಆ ವರ್ಗದೊಳಗಿನ ಪಾಲು. ಕೆ ಎಂದರೆ ಕನ್ನಡ ಮಾಧ್ಯಮ, ಆರ್ ಎಂದರೆ ಗ್ರಾಮೀಣ, ಜಿ ಎಂದರೆ ಇವೆರಡೂ ಇಲ್ಲದ್ದು. 3ಎಆರ್ ಎಂದರೆ 3ಎ ವರ್ಗದ ಗ್ರಾಮೀಣ ಸೀಟು. ಎಚ್ ಸೇರಿದ ಕಾಲಂಗಳು ಕಲ್ಯಾಣ ಕರ್ನಾಟಕದವರಿಗೆ, ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಬರುವಂಥವು. ಅವು ಕೊಡಗಿನವರಿಗೆ ಅನ್ವಯಿಸುವುದಿಲ್ಲ.

ಗ್ರಾಮೀಣ ಮೀಸಲು ನೂರಕ್ಕೆ 15, ಕನ್ನಡ ಮಾಧ್ಯಮದ್ದು ನೂರಕ್ಕೆ 5. ಎರಡಕ್ಕೂ 1ರಿಂದ 10ನೇ ತರಗತಿವರೆಗಿನ ಹತ್ತೂ ವರ್ಷದ ಓದು ಲೆಕ್ಕಕ್ಕೆ ಬರುತ್ತದೆ. ಗ್ರಾಮೀಣದಲ್ಲಿ ನೋಡುವುದು ಮನೆ ಎಲ್ಲಿದೆ ಎಂದಲ್ಲ, ಶಾಲೆ ಎಲ್ಲಿತ್ತು ಎಂದು. ತೋಟದ ಮಧ್ಯೆ ಮನೆಯಿದ್ದು ದಿನವೂ ಮಡಿಕೇರಿ ಪೇಟೆಯ ಶಾಲೆಗೆ ಬಸ್ಸಿನಲ್ಲಿ ಹೋಗಿ ಬಂದ ಮಗುವಿಗೆ ಈ ಮೀಸಲು ಇಲ್ಲ. ಹಳ್ಳಿಯ ಶಾಲೆಯಲ್ಲೇ ಹತ್ತು ವರ್ಷ ಮುಗಿಸಿದ ಮಗುವಿಗೆ ಇದೆ. ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಶಾಲೆಯವರು ಬರೆದು ಬಿಇಒ ಸಹಿ ಹಾಕಿರಬೇಕು. ಎರಡು ಮೂರು ಶಾಲೆ ಬದಲಿಸಿದ್ದರೆ ಅಷ್ಟೂ ಶಾಲೆಗಳಿಂದ ತರಬೇಕು. ಕೊನೆ ಗಳಿಗೆಯಲ್ಲಿ ಆಗುವ ಕೆಲಸ ಅಲ್ಲ ಇದು.

ಖಚಿತ ಕಾಲೇಜನ್ನೂ ಇಷ್ಟಪಟ್ಟು ಆರಿಸಿ

ಚೆನ್ನಾಗಿ ಓದುವ ಮಕ್ಕಳ ಪಟ್ಟಿ ಕೆಡುವುದು ಸಾಮಾನ್ಯವಾಗಿ ಕೆಳಗಿನ ತುದಿಯಲ್ಲಿ. ಮೇಲಿನ ಹತ್ತು ಹೆಸರಿಗೆ ವಾರಗಟ್ಟಲೆ ಚರ್ಚೆ. ಕೆಳಗಿನ ಹತ್ತನ್ನು ಸೈಬರ್ ಸೆಂಟರಿನಲ್ಲಿ ಕೂತು ಐದು ನಿಮಿಷದಲ್ಲಿ ತುಂಬಿಬಿಡುತ್ತಾರೆ. ಆಮೇಲೆ ಅದೇ ಸಿಕ್ಕಾಗ ಮನೆಯಲ್ಲಿ ಅಳು.

ಕೆಳಗಿನ ಕಾಲೇಜುಗಳಿಗೆ ಒಂದೇ ಪರೀಕ್ಷೆ: ಇಲ್ಲಿ ಮಾತ್ರ ಸೀಟು ಸಿಕ್ಕರೆ ಮಗು ಸಮಾಧಾನದಿಂದ ಹೋಗುತ್ತದಾ? ಇಲ್ಲ ಎಂದಾದರೆ ಅದು ಪಟ್ಟಿಯಲ್ಲಿ ಇರಬಾರದು. ಹೌದು ಎನ್ನಬಹುದಾದ ಬೇರೊಂದನ್ನು ಹುಡುಕಬೇಕು. ಸಾಧ್ಯವಾದರೆ ಒಮ್ಮೆ ಹೋಗಿ ನೋಡಿ ಬನ್ನಿ. ಲ್ಯಾಬ್, ಹಾಸ್ಟೆಲ್, ಅಲ್ಲಿ ಈಗ ಓದುತ್ತಿರುವ ಮಕ್ಕಳ ಮಾತು. ಜಾಹೀರಾತಿನಲ್ಲಿ ಕಾಣದ್ದು ಅಲ್ಲಿ ಅರ್ಧ ದಿನದಲ್ಲಿ ಕಾಣುತ್ತದೆ.

ಕೊಡಗಿನೊಳಗೇ ಇರುವುದನ್ನು ನಮ್ಮವರು ಕಡೆಗಣಿಸುವುದು ಜಾಸ್ತಿ. ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಪೊನ್ನಂಪೇಟೆಯಲ್ಲಿ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜು, ಮಡಿಕೇರಿಯಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜು. 2016ರಲ್ಲಿ ಶುರುವಾದ ಮಡಿಕೇರಿಯ ವೈದ್ಯಕೀಯ ಕಾಲೇಜಿನಲ್ಲಿ 150 ಎಂಬಿಬಿಎಸ್ ಸೀಟುಗಳು. ಅದು ಸರ್ಕಾರಿ ಕಾಲೇಜು, ಯಾರಿಗೂ ಖಚಿತ ಎನ್ನುವ ಹಾಗಿಲ್ಲ, ನೀಟ್‌ನಲ್ಲಿ ಒಳ್ಳೆ ರ‍್ಯಾಂಕೇ ಬೇಕು. ಅದರಲ್ಲಿ ನೂರಕ್ಕೆ 15 ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಉಳಿದದ್ದು ರಾಜ್ಯದ ಪಾಲು.

ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಕರ್ನಾಟಕದಲ್ಲಿ ಅರಣ್ಯಶಾಸ್ತ್ರದ ಪದವಿ ಇರುವುದು ಶಿರಸಿಯಲ್ಲಿ ಮತ್ತು ಇಲ್ಲಿ. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿದು. ನಾಲ್ಕು ವರ್ಷದ ಕೋರ್ಸು. ದೂರದ ಜಿಲ್ಲೆಗಳಿಂದ ಮಕ್ಕಳು ಇಲ್ಲಿಗೆ ಬಂದು ಓದುತ್ತಾರೆ. ಕಾಡು, ಕಾಫಿ, ನೆರಳು ಮರಗಳ ಮಧ್ಯೆ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟೋ ಜನರಿಗೆ ಇದು ಪಟ್ಟಿಯಲ್ಲಿ ಬರೆಯಬಹುದಾದ ಆಯ್ಕೆ ಎಂದೇ ಗೊತ್ತಿಲ್ಲ. ಜೀವಶಾಸ್ತ್ರ ಓದಿ ಎಂಬಿಬಿಎಸ್ ಒಂದನ್ನೇ ನೋಡುತ್ತಿರುವವರು ಕೃಷಿ, ಅರಣ್ಯ, ತೋಟಗಾರಿಕೆ, ಪಶುವೈದ್ಯಕೀಯವನ್ನೂ ಗಮನಿಸಿ. ಇವಕ್ಕೆ ಸಿಇಟಿ ರ‍್ಯಾಂಕ್ ಬೇಕು, ನೀಟ್ ಮಾತ್ರ ಬರೆದು ಸಿಇಟಿ ಬಿಟ್ಟವರಿಗೆ ಈ ಬಾಗಿಲು ಮುಚ್ಚಿರುತ್ತದೆ. ಕೃಷಿ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಪಾಲಿದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೊಂದನ್ನು ಬರೆಯಬೇಕು. ಷರತ್ತುಗಳನ್ನು ಮಾಹಿತಿ ಪುಸ್ತಕದಲ್ಲಿ ನೋಡಿಕೊಳ್ಳಿ.

ಜಿಲ್ಲೆಯ ಹೊರಗೆ ಮೈಸೂರು, ಹಾಸನ, ಸುಳ್ಯ, ಪುತ್ತೂರು, ಮಂಗಳೂರು ನಮಗೆ ಹತ್ತಿರ. ಮೈಸೂರಿನ ಎನ್‌ಐಇ 1946ರದ್ದು, ಎಸ್‌ಜೆಸಿಇ 1963ರದ್ದು. ಇವು ಬೆಂಗಳೂರಿನ ಕಾಲೇಜುಗಳ ನಂತರ ಬರೆಯಬೇಕಾದವು ಎಂಬ ನಿಯಮ ಎಲ್ಲೂ ಇಲ್ಲ. ಮಗುವಿಗೆ ಮೈಸೂರೇ ಹೆಚ್ಚು ಇಷ್ಟವಾದರೆ ಅದನ್ನೇ ಮೇಲೆ ಬರೆಯಿರಿ.

ಕಾಲೇಜು ಮೊದಲೋ, ಕೋರ್ಸು ಮೊದಲೋ

ಆಪ್ಷನ್ ಎಂದರೆ ಜೋಡಿ ಎಂದೆನಲ್ಲ, ತಲೆನೋವು ಶುರುವಾಗುವುದು ಅಲ್ಲಿ. ದೊಡ್ಡ ಕಾಲೇಜಿನ ಸಿವಿಲ್ ಮೇಲೋ, ಸಾಧಾರಣ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಮೇಲೋ? ಮಗುವಿಗೆ ಒಂದು ವಿಷಯದ ಮೇಲೆ ನಿಜವಾದ ಒಲವಿದ್ದರೆ ಕೋರ್ಸು ಹಿಡಿದು ಕಾಲೇಜು ಬದಲಿಸುತ್ತಾ ಕೆಳಗೆ ಬನ್ನಿ. ಒಲವು ಇನ್ನೂ ಗಟ್ಟಿಯಾಗದಿದ್ದರೆ ಒಳ್ಳೆಯ ಕಾಲೇಜು ಹಿಡಿದು ಎರಡು ಮೂರು ಕೋರ್ಸು ಬರೆಯಬಹುದು. ಒಂದು ಮಾತ್ರ ಬೇಡ: ಬೇಡದ ಕೋರ್ಸನ್ನು ಕಾಲೇಜಿನ ಹೆಸರಿಗಾಗಿ ಬರೆದು, ಒಳಗೆ ಹೋದ ಮೇಲೆ ಬದಲಿಸಿಕೊಳ್ಳೋಣ ಎಂದು ನಂಬಿ ಕೂರುವುದು. ಬ್ರಾಂಚ್ ಬದಲಾವಣೆ ಸಿಗುವುದು ಕೆಲವೇ ಕೆಲವರಿಗೆ.

ಹೆಸರುಗಳಲ್ಲೂ ಎಚ್ಚರ. ಪಿಇಎಸ್ ಹೆಸರಿನಲ್ಲಿ ಬೆಂಗಳೂರಿನಲ್ಲೇ ಎರಡು ಕ್ಯಾಂಪಸ್ ಇವೆ, ಮಂಡ್ಯದಲ್ಲಿ ಬೇರೆ ಕಾಲೇಜು, ಶಿವಮೊಗ್ಗದಲ್ಲಿ ಇನ್ನೊಂದು. ಬಿಎಂಎಸ್ ಹೆಸರಿನ ಒಂದು ಕಾಲೇಜು ಬಸವನಗುಡಿಯಲ್ಲಿ, ಇನ್ನೊಂದು ಯಲಹಂಕದಲ್ಲಿ. ಕಟ್‌ಆಫ್ ಒಂದರದ್ದು ನೋಡಿ ಆಪ್ಷನ್ ಇನ್ನೊಂದರದ್ದು ಹಾಕಿದರೆ ಇಡೀ ಲೆಕ್ಕ ತಲೆಕೆಳಗು. ಹೆಸರಿನ ಬದಲು ಕಾಲೇಜ್ ಕೋಡ್ ನೋಡಿ ಬರೆಯಿರಿ.

ಪಟ್ಟಿ ಒಂದೇ ಅಲ್ಲ

ಕೆಇಎ ಪಟ್ಟಿ ಒಂದು ಬಾಗಿಲು ಮಾತ್ರ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಒಂದಿಷ್ಟು ಸೀಟು ಕೆಇಎಗೆ, ಒಂದಿಷ್ಟು ಕಾಮೆಡ್‌-ಕೆ ಪರೀಕ್ಷೆಗೆ, ಉಳಿದದ್ದು ಮ್ಯಾನೇಜ್‌ಮೆಂಟ್‌ಗೆ. ಅದೇ ಕ್ಲಾಸು, ಅದೇ ಬೆಂಚು, ಫೀಸ್ ಮಾತ್ರ ಮೂರು ಥರ. ಕೆಇಎ ಸೀಟಿನ ಫೀಸ್ ಎಲ್ಲಕ್ಕಿಂತ ಕಡಿಮೆ.

23 ಐಐಟಿ, 31 ಎನ್‌ಐಟಿಗಳ ಸೀಟು ಹಂಚುವುದು ಜೋಸಾ. ಎನ್‌ಐಟಿಗೆ ಜೆಇಇ ಮೇನ್ ಸಾಕು. ಐಐಟಿಗೆ ಮೇನ್‌ನಲ್ಲಿ ಮೇಲಿನ ಎರಡೂವರೆ ಲಕ್ಷದೊಳಗೆ ಬಂದು ಅಡ್ವಾನ್ಸ್ಡ್ ಬರೆಯಬೇಕು. ಸುರತ್ಕಲ್ ಎನ್‌ಐಟಿಕೆಯಲ್ಲಿ ಅರ್ಧ ಸೀಟು ಕರ್ನಾಟಕದ ಮಕ್ಕಳಿಗೆ. ಹಾಗಾಗಿ ಅದರ ಕಟ್‌ಆಫ್ ನೋಡುವಾಗ ಹೋಮ್ ಸ್ಟೇಟ್ ಎಂದು ಬರೆದಿರುವ ಸಾಲನ್ನೇ ನೋಡಿ. ಐಐಟಿಗಳಲ್ಲಿ ಇಂಥ ರಾಜ್ಯದ ಪಾಲು ಇಲ್ಲ. ಶುದ್ಧ ವಿಜ್ಞಾನ ಇಷ್ಟಪಡುವವರಿಗೆ ಐಸರ್ ಸಂಸ್ಥೆಗಳಿವೆ. ಅವಕ್ಕೆ ಬೇರೆಯೇ ಪರೀಕ್ಷೆ, ಬೇರೆಯೇ ಅರ್ಜಿ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿಗೆ ಸಿಯುಇಟಿ.

ವಿದೇಶದ ಲೆಕ್ಕ ಪೂರ್ತಿ ಬೇರೆ. ಅಲ್ಲಿ ಸಾಲೂ ಇಲ್ಲ, ರ‍್ಯಾಂಕೂ ಇಲ್ಲ, ಬಹಳಷ್ಟು ಕಡೆ ಒಂದೊಂದು ಅರ್ಜಿಗೂ ಫೀಸು, ಪ್ರಬಂಧ. ಅಮೆರಿಕದ ಕಾಲೇಜುಗಳಿಗೆ ಕಾಮನ್ ಆ್ಯಪ್ ಮೂಲಕ ಹೆಚ್ಚೆಂದರೆ 20 ಅರ್ಜಿ. ಬ್ರಿಟನ್ನಿಗೆ ಯುಕಾಸ್ ಮೂಲಕ 5, ಅದರಲ್ಲಿ ಆಕ್ಸ್‌ಫರ್ಡ್ ಅಥವಾ ಕೇಂಬ್ರಿಡ್ಜ್‌ಗಳಲ್ಲಿ ಒಂದನ್ನು ಮಾತ್ರ ಆರಿಸಬಹುದು. ಹಾರ್ವರ್ಡ್‌ನಂಥ ಕಡೆ ಅರ್ಜಿ ಹಾಕಿದ ನೂರು ಜನರಲ್ಲಿ ಐವರಿಗೂ ಸೀಟಿಲ್ಲ. ಅಂಥ ಕಾಲೇಜು ಯಾವ ಟಾಪರ್‌ಗೂ ಆಸೆಯ ಪಾಲಿನದೇ. ಅಲ್ಲಿ ಖಚಿತ ಎಂದರೆ ಸೀಟಿನ ಜೊತೆಗೆ ಖರ್ಚೂ ಖಚಿತವಾಗಿರಬೇಕು. ಸ್ಕಾಲರ್‌ಶಿಪ್ ಬಂದರೆ ಮಾತ್ರ ಹೋಗಬಹುದು ಎಂಬ ಕಾಲೇಜನ್ನು ಖಚಿತ ಎನ್ನಲಾಗದು.

ದುಡ್ಡಿನ ಮಾತು

ಇದನ್ನು ಮಕ್ಕಳ ಎದುರು ಆಡಲು ನಮ್ಮ ಮನೆಗಳಲ್ಲಿ ಸಂಕೋಚ. ಆದರೆ ಪಟ್ಟಿ ಮಾಡುವ ಮೊದಲೇ ಆಡಬೇಕಾದ ಮಾತಿದು. ವರ್ಷಕ್ಕೆ ಎಷ್ಟು ಕೊಡಬಹುದು ಎಂದು ಅಪ್ಪ ಅಮ್ಮ ಮಗುವಿಗೆ ನೇರವಾಗಿ ಹೇಳಿದರೆ ಮುಂದಿನ ಎಷ್ಟೋ ನೋವು ತಪ್ಪುತ್ತದೆ. ಟ್ಯೂಷನ್ ಫೀಸ್ ಒಂದೇ ಅಲ್ಲ, ಹಾಸ್ಟೆಲ್, ಊಟ, ಬಸ್ಸು ಎಲ್ಲ ಸೇರಿಸಿ. ಬೆಂಗಳೂರಿನಲ್ಲಿ ಪಿಜಿ ಖರ್ಚು ಕೆಲವೊಮ್ಮೆ ಸರ್ಕಾರಿ ಸೀಟಿನ ಫೀಸನ್ನೇ ಮೀರುತ್ತದೆ.

ತೋಟದ ಮನೆಗಳಿಗೆ ಇನ್ನೊಂದು ಕಷ್ಟ. ಅರೇಬಿಕಾ, ರೋಬಸ್ಟಾ ಕೊಯ್ದು ಮಾರಿ ದುಡ್ಡು ಕೈಗೆ ಬರುವುದು ಚಳಿಗಾಲ, ಬೇಸಿಗೆಯಲ್ಲಿ. ಫೀಸ್ ಕಟ್ಟಬೇಕಾದ್ದು ಮಳೆಗಾಲದಲ್ಲಿ, ಅದೂ ಸೀಟು ಬಂದ ಕೆಲವೇ ದಿನಗಳಲ್ಲಿ. ಕೂಲಿಯ ಮನೆಗಳಿಗೂ ಮಳೆಗಾಲ ಕೈ ಖಾಲಿಯ ಕಾಲವೇ. ಬ್ಯಾಂಕ್ ಸಾಲ ಬೇಕಾದರೆ ಸೀಟು ಬರುವ ಮೊದಲೇ ವಿಚಾರಿಸಿಡಿ, ವಿದ್ಯಾಲಕ್ಷ್ಮಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಸಿಇಟಿ, ನೀಟ್ ಮೂಲಕ ಸೀಟು ಪಡೆದವರಿಗೆ ದೇವರಾಜ ಅರಸು ನಿಗಮ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆ ಇದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳನ್ನೂ ನೋಡಿ. ಅವುಗಳಲ್ಲಿ ಟ್ಯೂಷನ್ ಫೀಸ್ ಮನ್ನಾ. ಆದಾಯ ಪ್ರಮಾಣಪತ್ರ ಸರಿಯಾಗಿ ಇರಬೇಕು ಅಷ್ಟೇ.

ಸೀಟು ಬಂದ ಮೇಲಿನ ನಾಲ್ಕು ಆಯ್ಕೆ

ಮೊದಲು ಬರುವುದು ಅಣಕು ಹಂಚಿಕೆ. ಅದು ತಾಲೀಮು ಮಾತ್ರ, ಸೀಟಲ್ಲ. ಈಗಿನ ಪಟ್ಟಿಗೆ ಎಲ್ಲಿ ಸಿಗಬಹುದು ಎಂದು ತೋರಿಸುತ್ತದೆ. ಅದಾದ ಮೇಲೆ ಪಟ್ಟಿ ತಿದ್ದಲು ಅವಕಾಶವಿರುತ್ತದೆ. ಅಣಕು ಹಂಚಿಕೆಯಲ್ಲಿ ಏನೂ ಸಿಗದಿದ್ದರೆ ಕೆಳಗಿನ ಪಾಲು ಸಾಲದು ಎಂದರ್ಥ, ಕೂಡಲೇ ಸೇರಿಸಿ.

ನಿಜವಾದ ಹಂಚಿಕೆಯಲ್ಲಿ ಸೀಟು ಬಂದಾಗ ನಾಲ್ಕರಲ್ಲಿ ಒಂದನ್ನು ಒತ್ತಬೇಕು. ಒಂದನೆಯದು: ಈ ಸೀಟು ಸಾಕು, ಫೀಸ್ ಕಟ್ಟಿ ಸೇರುತ್ತೇನೆ. ಎರಡನೆಯದು: ಇದು ಕೈಯಲ್ಲಿರಲಿ, ಆದರೆ ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದು ಸಿಕ್ಕರೆ ಹೋಗುತ್ತೇನೆ. ಮೂರನೆಯದು: ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕನೆಯದು: ನನಗೆ ಈ ಹಂಚಿಕೆಯೇ ಬೇಡ.

ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ದೊಡ್ಡದು. ಎರಡನೆಯದರಲ್ಲಿ ಮೇಲಿನದು ಸಿಗದಿದ್ದರೆ ಕೈಯಲ್ಲಿದ್ದದ್ದು ಉಳಿಯುತ್ತದೆ. ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ, ಮತ್ತೆ ಅದೇ ಬೇಕು ಎಂದರೆ ಬರುವುದಿಲ್ಲ. ಮೂರನೆಯದರಲ್ಲಿ ಈ ಸೀಟು ಇಂದೇ ಕೈಬಿಟ್ಟ ಹಾಗೆ, ಮುಂದೆ ಏನೂ ಸಿಗದೆಯೂ ಹೋಗಬಹುದು. ಬಂದ ಸೀಟಿಗೆ ಯಾವ ಕಾರಣಕ್ಕೂ ಹೋಗುವುದಿಲ್ಲ ಎನ್ನುವವರು ಮಾತ್ರ ಮೂರನ್ನು ಒತ್ತಬೇಕು. ಕೆಳಗಿನ ಕಾಲೇಜುಗಳನ್ನು ಇಷ್ಟಪಟ್ಟು ಆರಿಸಿದ್ದರೆ ಆ ಪರಿಸ್ಥಿತಿಯೇ ಬರುವುದಿಲ್ಲ.

ಜೋಸಾ ಸೀಟಿಗೆ ಕಾಯುತ್ತಿರುವವರು ಅದು ಕೈಗೆ ಬರುವವರೆಗೆ ಕೆಇಎ ಸೀಟು ಬಿಡಬೇಡಿ. ಬಿಡುವುದಾದರೆ ಕೆಇಎ ಹೇಳಿದ ದಿನದೊಳಗೆ ಬಿಡಿ. ಕೊನೆಯ ಸುತ್ತಾದ ಮೇಲೆ ಬಿಟ್ಟರೆ ದಂಡ ಜಾಸ್ತಿ, ಆ ಸೀಟು ಬೇರೆ ಮಗುವಿಗೂ ಸಿಗದೆ ಹಾಳಾಗುತ್ತದೆ. ದಿನಾಂಕ, ದಂಡ, ಸುತ್ತುಗಳ ಲೆಕ್ಕ ವರ್ಷವರ್ಷ ಬದಲಾಗುತ್ತದೆ. ಹೋದ ವರ್ಷ ಸೀಟು ಪಡೆದ ಅಣ್ಣ ಅಕ್ಕಂದಿರ ಮಾತು ಕೇಳಿ, ಆದರೆ ಒತ್ತುವ ಮೊದಲು ಈ ವರ್ಷದ ಸೂಚನೆ ಓದಿ.

ಮಳೆಗಾಲದ ಆಪ್ಷನ್ ಎಂಟ್ರಿ

ಈ ಕೆಲಸಗಳೆಲ್ಲ ನಡೆಯುವುದು ಬಹುಪಾಲು ಜೂನ್‌ನಿಂದ ಆಗಸ್ಟ್‌ನೊಳಗೆ. ಕೊಡಗಿನಲ್ಲಿ ಆಗ ಏನು ಸ್ಥಿತಿ ಎಂದು ಹೇಳಬೇಕಾಗಿಲ್ಲ. ಮರ ಬಿದ್ದರೆ ಕರೆಂಟ್ ಎರಡು ಮೂರು ದಿನ ಇಲ್ಲ, ಟವರ್ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಇಲ್ಲ. 2018ರ ಆಗಸ್ಟ್‌ನಲ್ಲಿ ಸಂಪಾಜೆ ಕಡೆಯ ರಸ್ತೆಯೇ ಕುಸಿದು ಸಂಚಾರ ನಿಂತುಹೋಗಿತ್ತು. ಕೆಇಎ ಕೊಟ್ಟ ಗಡುವು ನಮ್ಮ ಮಳೆಗೆ ಕಾಯುವುದಿಲ್ಲ.

ಹಾಗಾಗಿ ಪಟ್ಟಿಯನ್ನು ಮೊದಲು ಕಾಗದದ ಮೇಲೆ ಬರೆಯಿರಿ. ಕಾಲೇಜ್ ಕೋಡ್, ಕೋರ್ಸು, ಮೊದಲ ಸುತ್ತಿನ ಕಟ್‌ಆಫ್, ಕೊನೆಯ ಸುತ್ತಿನ ಕಟ್‌ಆಫ್, ಫೀಸ್, ಐದು ಕಾಲಂ ಸಾಕು. ಅಡುಗೆಮನೆಯ ಟೇಬಲ್ ಮೇಲೆ ನಾಲ್ಕು ದಿನ ಇರಲಿ, ಮನೆಯವರೆಲ್ಲ ನೋಡಲಿ, ಮಗು ಮೇಲೆ ಕೆಳಗೆ ಮಾಡಲಿ. ಜಾಲತಾಣ ತೆರೆದ ಮೊದಲ ದಿನಗಳಲ್ಲೇ ತುಂಬಿ ಉಳಿಸಿ, ಪ್ರಿಂಟ್ ತೆಗೆದಿಡಿ. ತಿದ್ದುವುದಿದ್ದರೆ ಆಮೇಲೆ ತಿದ್ದಬಹುದು. ನೋಂದಾಯಿಸುವ ಮೊಬೈಲ್ ನಂಬರ್ ಮನೆಯವರದೇ ಆಗಿರಲಿ, ಸೈಬರ್ ಸೆಂಟರಿನವರದು ಬೇಡ. ಒಟಿಪಿ ಬರುವುದು ಅದಕ್ಕೇ, ಪಾಸ್‌ವರ್ಡ್ ಕೈಯಲ್ಲಿದ್ದವರು ನಿಮ್ಮ ಪಟ್ಟಿಯನ್ನೇ ಬದಲಿಸಬಹುದು. ಮನೆ ತೀರಾ ಒಳಗಿದ್ದರೆ ಗಡುವಿನ ವಾರ ಕುಶಾಲನಗರದಲ್ಲೋ ಮೈಸೂರಿನಲ್ಲೋ ಇರುವ ನೆಂಟರ ಮನೆಗೆ ಮಗುವನ್ನು ಕಳಿಸುವುದೂ ಒಂದು ದಾರಿ. ಮೂಲ ದಾಖಲೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೊತೆಯಲ್ಲೇ ಕೊಟ್ಟು ಕಳಿಸಿ.